ಆರನೆಯ ಯಂತ್ರ ಕೆಟ್ಟಿದೆ

ಮಂಗಳವಾರ ರಾತ್ರಿ ಹನ್ನೊಂದಕ್ಕೆ
ಅಮಗಾಸಾಕಿಯ ಹಳಿ ಪಕ್ಕದ ಲಾಂಡ್ರಿಗೆ ಬರುತ್ತೇನೆ.
ಎಂಟು ಯಂತ್ರ, ನಾಲ್ಕು ಡ್ರೈಯರು,
ಒಂದೊಂದರ ಹೊಟ್ಟೆಯ ಬೀಗ ತೆಗೆದು
ನೂರು ಯೆನ್ನಿನ ಬಿಲ್ಲೆಗಳನ್ನು ಚೀಲಕ್ಕೆ ಸುರಿದುಕೊಂಡು
ಲೆಕ್ಕ ಬರೆದು ಹೋಗುವುದು.
ವಾಕುಯಿ ಅಂದರೆ ಇಷ್ಟೇ, ಇಪ್ಪತ್ತೆರಡು ವರ್ಷ.

ಬಾಗಿಲ ಪಕ್ಕ ಒಂದು ಕಪಾಟು.
ಬಟ್ಟೆ ಒಣಗುವ ತನಕ ಓದಲೆಂದು ಯಾರ್ಯಾರೋ ಬಿಟ್ಟುಹೋದ ಮಾಂಗಾ:
ಬೇಸ್‌ಬಾಲಿನದು, ಅಡುಗೆಯದು,
ಏಳನೇ ಸಂಪುಟವೇ ಇಲ್ಲದ ಖಡ್ಗವೀರರದು.
ಗೆಲ್ಲುವವನು ಮೊದಲ ಪುಟದಲ್ಲೇ ಗೊತ್ತು,
ಬೆವರಿನ ಹನಿ ಕೂಡ ಅಳತೆ ತಪ್ಪಿ ಬೀಳುವುದಿಲ್ಲ.

ಅವುಗಳ ನಡುವೆ, ನವೆಂಬರಿನಲ್ಲಿ,
ಎರಡು ಪಿನ್ನು ಹೊಡೆದ ಹದಿನಾರು ಹಾಳೆ.
ಹೆಸರಿಲ್ಲ. ಬರೆದವರ ಹೆಸರೂ ಇಲ್ಲ.
ಮೂಲೆಯಲ್ಲಿ ‘ಮೂರು’ ಎಂದಷ್ಟೇ.

ಒಬ್ಬಳು ತೋಫು ತರಲು ಹೋಗುತ್ತಾಳೆ.
ತೋಫು ಉಸಿರಾಡುತ್ತದೆ.
ಅವಳೇನೂ ಬೆಚ್ಚುವುದಿಲ್ಲ, ಬೆಲೆ ಕೇಳುತ್ತಾಳೆ,
ಮನೆಗೆ ತಂದು ದಿಂಬು ಕೊಟ್ಟು ಮಲಗಿಸುತ್ತಾಳೆ.
ಆಮೇಲೆ ಐದು ಪುಟ ದೀಪದ ದಾರ ತೂಗುವುದೊಂದೇ,
ಇತ್ತ, ಅತ್ತ, ಇತ್ತ.
ಆರನೆಯದರಲ್ಲಿ ದಾರವಿಲ್ಲ,
ತೂಗುವುದು ಮಾತ್ರ ಇದೆ.

ಸಿಟ್ಟು ಬಂತು, ನಿಜ ಹೇಳುತ್ತೇನೆ.
ಇದೆಂಥ ಕತೆ, ತಲೆಬುಡವಿಲ್ಲ,
ಕೈಕಾಲು ನೆಟ್ಟಗೆ ಬರೆಯಲು ಬಾರದವರ ಕಿತಾಪತಿ ಎಂದು
ಅಡುಗೆಯದರ ಹಿಂದೆ ತುರುಕಿದೆ.
ಲೆಕ್ಕದಲ್ಲಿ ಮುನ್ನೂರು ಯೆನ್ ತಪ್ಪಿತು.
ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರವಾದರೆ
ಪಕ್ಕದ ದಿಂಬಿನಲ್ಲಿ ಏನೋ ಉಸಿರಾಡುತ್ತಿದೆ.
ಹೆಂಡತಿಯೇ. ಇಪ್ಪತ್ತಾರು ವರ್ಷದಿಂದ ಅವಳೇ.
ಆದರೂ ಅಂದು ಮೊದಲ ಸಲ
ಕಿವಿಗೊಟ್ಟು ಬಿದ್ದುಕೊಂಡಿದ್ದೆ, ಬೆಳಕು ಹರಿಯುವ ತನಕ.

ಮುಂದಿನ ಮಂಗಳವಾರ ‘ಒಂದು’ ಬಂದಿತ್ತು,
ಆಮೇಲೆ ‘ಹತ್ತು’. ‘ಎರಡು’ ಬರಲೇ ಇಲ್ಲ.
ಹತ್ತರಲ್ಲಿ ಚೌಕಟ್ಟುಗಳೇ ಪುಟದಿಂದ ಜಾರಿ
ಕಾಲುವೆಗೆ ಬಿದ್ದು ತೇಲುತ್ತಿದ್ದವು;
ಒಳಗಿದ್ದವರು ಒದ್ದೆಯಾದ ತಮ್ಮ ಮಾತಿನ ಗುಳ್ಳೆಗಳನ್ನು
ಹಿಂಡಿ ಹಗ್ಗಕ್ಕೆ ಹರವುತ್ತಿದ್ದರು.
ಒಣಗಿದ ಮಾತು ಒಂದು ಅಳತೆ ಕುಗ್ಗಿ
ಅಜ್ಜನದು ಮೊಮ್ಮಗಳಿಗೆ ಸರಿಹೋಗುತ್ತಿತ್ತು.
ಗಟ್ಟಿಯಾಗಿ ನಕ್ಕುಬಿಟ್ಟೆ. ಖಾಲಿ ಅಂಗಡಿ, ನಾನೊಬ್ಬನೇ.

ಯಾರಿರಬಹುದು?
ಬಿಳಿ ಬೂಟಿನ ನರ್ಸು ಮೊರಿಜುಮಿ?
ಜೂಡೊ ಬಟ್ಟೆ ಒಗೆಯಲು ಬಂದು ಉಗುರು ಕಚ್ಚುವ ಹುಡುಗ?
ಒಂದೇ ಕಾಲುಚೀಲ ಹಾಕಿ ಪೂರ್ತಿ ಹಣ ತೆರುವ
ಮೀನುಪೇಟೆಯ ಅಜ್ಜಿ ತೋಕುಯೆ?
ಎಲ್ಲರ ಬೆರಳನ್ನೂ ಕದ್ದು ನೋಡಿದೆ, ಮಸಿಯಿರಲಿಲ್ಲ.
ಕಪ್ಪು ಇದ್ದದ್ದು ನನ್ನ ಬೆರಳಲ್ಲೇ, ನಾಣ್ಯದ್ದು.

ಮಾರ್ಚಿನಲ್ಲಿ ಬಂದದ್ದರಲ್ಲಿ ಬಗ್ಗಿದ ಬೆನ್ನಿನ ಒಬ್ಬ
ಯಂತ್ರಗಳ ಹೊಟ್ಟೆ ತೆರೆದು ಕಿವಿಗಳನ್ನು ಎಣಿಸುತ್ತಾನೆ,
ಐವತ್ತಕ್ಕೊಂದು ಕಟ್ಟು, ರಬ್ಬರ್ ಬ್ಯಾಂಡು.
ಅವನ ಜಾಕೆಟ್ಟಿನ ಮೊಣಕೈಗೆ ತೇಪೆ.
ನನ್ನದೇ ತೇಪೆ, ಓರೆ ಹೊಲಿಗೆ ಸಹಿತ.
ಗೋಡೆಯ ಮೇಲೆ ನನ್ನದೇ ಕೈಬರಹ:
‘ಆರನೆಯ ಯಂತ್ರ ಕೆಟ್ಟಿದೆ. ಕ್ಷಮಿಸಿ.’
ಮುಂದಿನ ಚೌಕಟ್ಟಲ್ಲಿ ಆ ಚೀಟಿಯೆದುರು
ಊರಿಗೆ ಊರೇ ನಿಂತು ಎರಡು ಸಲ ಚಪ್ಪಾಳೆ ತಟ್ಟಿ ಬಾಗುತ್ತದೆ;
ಗಾಜಿನ ಹಿಂದೆ, ಆರನೆಯದರ ಒಳಗೆ,
ತೋಫು ಮಲಗಿದೆ, ದಿಂಬು ಸಮೇತ.

ಇಷ್ಟು ವರ್ಷ ಯಾರೂ ನನ್ನ ಮುಖ ನೋಡಿಲ್ಲ ಅಂದುಕೊಂಡಿದ್ದೆ.
ಮುಖ ನೋಡಿಲ್ಲ, ನಿಜ. ಅಲ್ಲಿ ಮುಖದ ಜಾಗ ಖಾಲಿ.
ಮೊಣಕೈ ನೋಡಿದ್ದಾರೆ.

ಮೊನ್ನೆ ರಿಪೇರಿಯವನು ಬಂದು
ಬೆಲ್ಟು ಬದಲಿಸಿದ, ಬಿಸಿನೀರು ಬಿಟ್ಟು ತಿರುಗಿಸಿ ತೋರಿಸಿದ,
ಇನ್ನು ಹತ್ತು ವರ್ಷ ಚಿಂತೆಯಿಲ್ಲ ಅಂದ.
ಅವನು ಹೋದ ಮೇಲೆ ಚೀಟಿ ಕೀಳಲು ಉಗುರು ಹಾಕಿದೆ.
ಗಾಜಿನ ಮೇಲೆ, ಒಳಗಿನಿಂದ,
ಅಂಗೈಯಗಲ ಆವಿ ಕಟ್ಟಿತ್ತು.

ಎದ್ದ ಟೇಪಿನ ಮೂಲೆಯನ್ನು ಒತ್ತಿ ಮತ್ತೆ ಅಂಟಿಸಿದೆ.
ಏಳು ಯಂತ್ರದ ಲೆಕ್ಕ ಬರೆದು
ಸದ್ದಾಗದ ಹಾಗೆ ಬಾಗಿಲೆಳೆದುಕೊಂಡೆ.